ಕೊಚ್ಚಿಯಲ್ಲಿ ಒಂದು ದಿನ: ಪ್ಯಾಕೇಜ್ ಟೂರೋ, ನಡಿಗೆಯ ಗೈಡೋ, ಸಂಜೆಗೆ ಯಾವ ಬೋಟು?

ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಎರ್ನಾಕುಲಂನಲ್ಲಿ ಇಳಿಯುವುದು, ಇಡೀ ದಿನ ಸುತ್ತುವುದು, ಸಂಜೆ ಬಂದರಿನಲ್ಲೊಂದು ಬೋಟ್ ಸವಾರಿ ಮುಗಿಸಿ ಮತ್ತೆ ರಾತ್ರಿ ಬಸ್ಸಿಗೆ ಓಡುವುದು. ನಮ್ಮ ಕಡೆಯಿಂದ ಕೊಚ್ಚಿಗೆ ಹೋಗುವ ಹೆಚ್ಚಿನವರ ಲೆಕ್ಕಾಚಾರ ಇದು. ಹೊರಡುವ ಮುಂಚೆ ಅವರು ಕೇಳುವುದೂ ಒಂದೇ ಪ್ರಶ್ನೆ: "ಊರು ತೋರಿಸಿ, ಸಂಜೆ ಬೋಟಿನಲ್ಲೂ ಸುತ್ತಿಸಿ ಬಿಡ್ತಾರಂತಲ್ಲ, ಆ ಪ್ಯಾಕೇಜೇ ತಗೊಳ್ಳೋದಾ, ಇಲ್ಲ ನಾವೇ ಸುತ್ತೋದಾ?"

ನಾನು ಮೂರು ಬಗೆಯಲ್ಲೂ ಹೋಗಿ ಬಂದಿದ್ದೇನೆ. ಅತ್ತೆ-ಮಾವನ ಜೊತೆ ಪ್ಯಾಕೇಜಿನಲ್ಲಿ, ಗೆಳೆಯರ ಜೊತೆ ನಡಿಗೆಯ ಗೈಡ್ ಇಟ್ಟುಕೊಂಡು, ಇನ್ನೊಮ್ಮೆ ಏನೂ ಬುಕ್ ಮಾಡದೆ ಒಬ್ಬಳೇ. ನನಗೆ ಖಚಿತವಾಗಿರುವುದು ಇಷ್ಟು. ಕೊಚ್ಚಿಯಲ್ಲಿ ಮೊದಲು ಬೋಟನ್ನು ಗೊತ್ತುಮಾಡಿಕೊಳ್ಳಬೇಕು, ಊರು ಸುತ್ತುವುದನ್ನು ಅದರ ಸುತ್ತ ಹೊಂದಿಸಿಕೊಳ್ಳಬೇಕು. ನಾವೆಲ್ಲ ಇದನ್ನು ತಿರುವುಮುರುವು ಮಾಡುತ್ತೇವೆ. ಊರು ತೋರಿಸುವ ಗಾಡಿಗೆ ದುಡ್ಡು ಕಟ್ಟಿ, ಬೋಟು ಅದರ ಜೊತೆ ಬರುವ ಬೋನಸ್ ಎಂದುಕೊಳ್ಳುತ್ತೇವೆ. ಅರಮನೆಯನ್ನು ಬೆಳಗ್ಗೆ ನೋಡಿದರೂ ಮಧ್ಯಾಹ್ನ ನೋಡಿದರೂ ಅದೇ ಅರಮನೆ. ಅಳಿವೆಯಲ್ಲಿ, ಅಂದರೆ ಒಳನೀರು ಸಮುದ್ರ ಸೇರುವ ಬಾಯಲ್ಲಿ, ಸೂರ್ಯ ಮುಳುಗುವುದು ದಿನಕ್ಕೆ ಒಂದೇ ಸಲ, ಆ ಹೊತ್ತಿಗೆ ನೀವು ಎಲ್ಲಿರುತ್ತೀರಿ ಎಂಬುದರ ಮೇಲೆ ಇಡೀ ಸಂಜೆ ನಿಂತಿದೆ.

ಬೋಟು ಎಲ್ಲಿಯವರೆಗೆ ಹೋಗುತ್ತದೆ?

ಬಂದರಿನ ನಕ್ಷೆ ತಲೆಯಲ್ಲಿದ್ದರೆ ಆಯ್ಕೆ ಸುಲಭ. ಪೂರ್ವಕ್ಕೆ ಎರ್ನಾಕುಲಂ: ರೈಲು ನಿಲ್ದಾಣ, ಮರೀನ್ ಡ್ರೈವ್, ಹೈಕೋರ್ಟ್ ಎಲ್ಲ ಈ ದಡದಲ್ಲಿ. ಪಶ್ಚಿಮಕ್ಕೆ ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿ, ಹಳೆಯ ಊರು. ನಡುವೆ ವಿಲ್ಲಿಂಗ್ಡನ್ ದ್ವೀಪ. ಉತ್ತರಕ್ಕೆ ಬೋಲ್ಗಾಟಿ, ವಲ್ಲಾರ್‌ಪಾಡಂ, ವೈಪಿನ್ ದ್ವೀಪಗಳು. ಫೋರ್ಟ್ ಕೊಚ್ಚಿಗೂ ವೈಪಿನ್‌ಗೂ ನಡುವೆ ಇರುವ ಕಿಂಡಿಯೇ ಸಮುದ್ರಕ್ಕೆ ದಾರಿ. ಮಂಗಳೂರಿನವರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ, ಬೆಂಗ್ರೆಗೂ ಉಳ್ಳಾಲದ ಕೋಟೆಪುರಕ್ಕೂ ನಡುವೆ ಇರುವಂಥ ಅಳಿವೆ ಬಾಗಿಲು.

ಈ ಬಾಗಿಲಿಗೆ ದೊಡ್ಡ ಕಥೆಯಿದೆ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಭಾರಿ ನೆರೆ ಹಳೆಯ ಮುಜಿರಿಸ್ ಬಂದರನ್ನು ಹೂಳಿನಿಂದ ಮುಚ್ಚಿ, ಕೊಚ್ಚಿಯ ಅಳಿವೆಯನ್ನು ತೆರೆಯಿತು ಎನ್ನುತ್ತಾರೆ. ಆದರೂ ಬಾಯಿಗೆ ಅಡ್ಡವಾಗಿ ಮರಳ ದಿಬ್ಬ ಉಳಿದಿತ್ತು, ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕಿತ್ತು. 1920ರಲ್ಲಿ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಆ ದಿಬ್ಬವನ್ನು ಕಡಿಸಿದರು. 1928ರ ಮೇ 26ರಂದು 'ಪದ್ಮಾ' ಎಂಬ ಹಡಗು ಒಳಬಂದರಿಗೆ ಬಂತು. ಹೂಳೆತ್ತಿದ ಮಣ್ಣನ್ನೇ ತುಂಬಿ ವಿಲ್ಲಿಂಗ್ಡನ್ ದ್ವೀಪ ಮಾಡಿದರು. ನಿಮ್ಮ ಬೋಟು ದಾಟುವ ಆ ನೀರಿನ ದಾರಿ ಮನುಷ್ಯ ಕಡಿದ ದಾರಿ ಎಂದು ಗೊತ್ತಿದ್ದು ನೋಡಿದರೆ, ಪಕ್ಕದಲ್ಲೇ ಏಳೆಂಟು ಅಂತಸ್ತಿನ ಎತ್ತರಕ್ಕೆ ಕಂಟೇನರ್ ಪೇರಿಸಿಕೊಂಡು ಹಡಗು ತೆವಳಿ ಬರುವಾಗ ಮೈ ಜುಂ ಎನ್ನುತ್ತದೆ.

ಆದ್ದರಿಂದ ಬೋಟಿನವರನ್ನು ಕೇಳಬೇಕಾದ ಮೊದಲ ಪ್ರಶ್ನೆ ರೇಟಿನದಲ್ಲ. "ಅಳಿವೆ ದಾಟಿ ಸಮುದ್ರಕ್ಕೆ ಹೋಗುತ್ತಾ, ಇಲ್ಲ ಒಳಗೇ ತಿರುಗಿಸುತ್ತೀರಾ?" ಇದನ್ನು ಕೇಳಿ. "ಹಾರ್ಬರ್ ಕ್ರೂಸ್" ಎಂಬ ಒಂದೇ ಹೆಸರಿನಲ್ಲಿ ಎರಡನ್ನೂ ಮಾರುತ್ತಾರೆ.

ಮರೀನ್ ಡ್ರೈವ್ ಉದ್ದಕ್ಕೂ ನಿಂತಿರುವ ಖಾಸಗಿ ಬೋಟುಗಳು ಹೆಚ್ಚಾಗಿ ಒಳಗೇ ತಿರುಗಿಸುವಂಥವು. ಸುಮಾರು ಒಂದು ಗಂಟೆ. ಬೋಲ್ಗಾಟಿ ಅರಮನೆ ತೋರಿಸುತ್ತಾರೆ (1744ರಲ್ಲಿ ಡಚ್ಚರು ಕಟ್ಟಿದ್ದು, ಈಗ ಕೇರಳ ಪ್ರವಾಸೋದ್ಯಮ ನಿಗಮದ ಹೋಟೆಲು), ವಲ್ಲಾರ್‌ಪಾಡಂ ಕಂಟೇನರ್ ಟರ್ಮಿನಲ್‌ನ ಕ್ರೇನುಗಳು, ದೂರದಿಂದ ಚೀನಾ ಬಲೆಗಳು (ದಡದಲ್ಲಿ ನಿಲ್ಲಿಸಿದ ದೊಡ್ಡ ಮೀನಿನ ಬಲೆಗಳು), ಅಲ್ಲಿಗೆ ವಾಪಸ್. ನೀರು ನಿಶ್ಚಲ, ಬೋಟು ಅಲುಗಾಡುವುದಿಲ್ಲ. ಚಿಕ್ಕ ಮಕ್ಕಳಿದ್ದರೆ, ಬೋಟಿನಲ್ಲಿ ತಲೆಸುತ್ತು ಬರುವವರಿದ್ದರೆ ಇದು ಸರಿ. ಹಾಡು ಮಾತ್ರ ಜೋರಾಗಿ ಹಾಕುತ್ತಾರೆ. ಬೇಡವೆಂದರೆ ಹತ್ತುವ ಮೊದಲೇ ಹೇಳಬೇಕು. ಹತ್ತಿದ ಮೇಲೆ ಉಳಿದವರು ಕುಣಿಯುತ್ತಿರುವಾಗ ಹೇಳುವುದು ಕಷ್ಟ.

ಎರಡನೆಯದು ಸರ್ಕಾರಿ ಬೋಟು 'ಸಾಗರರಾಣಿ'. ಕೇರಳ ಶಿಪ್ಪಿಂಗ್ ಅಂಡ್ ಇನ್‌ಲ್ಯಾಂಡ್ ನ್ಯಾವಿಗೇಶನ್ ಕಾರ್ಪೊರೇಷನ್ ನಡೆಸುವುದು. ಹೈಕೋರ್ಟ್ ಹತ್ತಿರದ ದಕ್ಕೆಯಿಂದ (ಜೆಟ್ಟಿಯಿಂದ) ಹೊರಟು ಹವಾಮಾನ ಒಪ್ಪಿದರೆ ಅಳಿವೆ ದಾಟಿ ಸಮುದ್ರದ ಅಂಚಿಗೆ ಹೋಗಿ ಬರುತ್ತದೆ. ಸುಮಾರು ಎರಡು ಗಂಟೆ ಇಟ್ಟುಕೊಳ್ಳಿ. ನಾನು ಹೋದಾಗ ಅಳಿವೆಯ ಹತ್ತಿರ ಇಂಜಿನ್ನಿನ ಸದ್ದೇ ಬದಲಾಯಿತು. ಅಲ್ಲಿಯವರೆಗೆ ಗುಂಯ್ ಎನ್ನುತ್ತಿದ್ದದ್ದು ಒಮ್ಮೆ ಏರಿ ಒಮ್ಮೆ ಇಳಿಯತೊಡಗಿತು. ಕಾಲಡಿಯ ಹಲಗೆ ಎದ್ದು ಕೂತಂತೆ ಆಗಿ, ಮಾತಾಡುತ್ತಿದ್ದವರೆಲ್ಲ ಒಂದು ಕ್ಷಣ ಸುಮ್ಮನಾದರು. ನೀರಿನ ಬಣ್ಣವೂ ಅಲ್ಲೇ ಕಂದಿನಿಂದ ಹಸಿರಿಗೆ ತಿರುಗಿತು. ನನ್ನ ಮಟ್ಟಿಗೆ ಕೊಚ್ಚಿಯ ಸಂಜೆ ಎಂದರೆ ಆ ಕ್ಷಣ. ಒಳಗೇ ತಿರುಗುವ ಬೋಟಿನಲ್ಲಿ ಅದು ಸಿಗುವುದಿಲ್ಲ. ಎರಡಕ್ಕೂ ದರದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಕೊಡುವ ಶಕ್ತಿ ಇದ್ದರೆ ಹಿಂದೆ ಮುಂದೆ ನೋಡಬೇಡಿ.

ಮೂರನೆಯದು ಅದೇ ಸಂಸ್ಥೆಯ 'ನೆಫರ್ಟಿಟಿ'. ಹೆಸರಿಗೆ ತಕ್ಕಂತೆ ಒಳಗೆಲ್ಲ ಈಜಿಪ್ಟಿನ ಅಲಂಕಾರ. ಸುಮಾರು 48 ಮೀಟರ್ ಉದ್ದ, ಇನ್ನೂರು ಜನ ಹಿಡಿಯುವ ಹಡಗೇ ಅದು. ಊಟ, ಕಾರ್ಯಕ್ರಮ ಎಲ್ಲ ಸೇರಿ ಗಂಟೆಗಟ್ಟಲೆ ಸಮುದ್ರದಲ್ಲಿರುತ್ತದೆ. ಎಲ್ಲ ದಿನವೂ ಹೊರಡುವುದಿಲ್ಲ, ತಾರೀಕು ನೋಡಿಕೊಂಡು ಮುಂಚೆಯೇ ಬುಕ್ ಮಾಡಬೇಕು. ಕೇರಳದ ಸರ್ಕಾರಿ ಬಸ್ ಸಂಸ್ಥೆಯ ಬಜೆಟ್ ಪ್ರವಾಸ ವಿಭಾಗ ಬೇರೆ ಜಿಲ್ಲೆಗಳಿಂದ ಇದಕ್ಕೆಂದೇ ಬಸ್ಸು ಬಿಡುವುದುಂಟು. ಮದುವೆ ವಾರ್ಷಿಕೋತ್ಸವ, ಆಫೀಸಿನ ತಂಡ, ಮೂವತ್ತು ನಲವತ್ತು ಜನರ ಕುಟುಂಬ ಇವಕ್ಕೆ ಹೇಳಿ ಮಾಡಿಸಿದ್ದು. ಒಂದೇ ದಿನಕ್ಕೆ ಬಂದವರಿಗೆ ಬೇಡ. ಅರ್ಧ ದಿನ ಅದಕ್ಕೇ ಹೋಗುತ್ತದೆ.

ಇನ್ನೊಂದು ದಾರಿ ಇದೆ, ಇದನ್ನು ಯಾವ ಏಜೆಂಟೂ ಹೇಳುವುದಿಲ್ಲ. ಅದು ಊರಿನವರು ದಿನವೂ ಓಡಾಡುವ ಬೋಟು. ಎರ್ನಾಕುಲಂ ಬೋಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಜಲಸಾರಿಗೆ ಇಲಾಖೆಯ ಬೋಟುಗಳು ಹೋಗುತ್ತಲೇ ಇರುತ್ತವೆ. ನಾನು ಆರು ರೂಪಾಯಿ ಕೊಟ್ಟು ಇಪ್ಪತ್ತು ನಿಮಿಷದಲ್ಲಿ ದಾಟಿದ್ದೆ. ಕಿಟಕಿಗೆ ಗಾಜಿಲ್ಲ, ಗಾಳಿ ನೇರ ಮುಖಕ್ಕೆ. ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡ ಚೇಚಿ, ಎದುರಿಗೆ ಯೂನಿಫಾರ್ಮಿನ ಮಕ್ಕಳು. 2023ರ ಏಪ್ರಿಲ್ 25ರಂದು ಶುರುವಾದ ವಾಟರ್ ಮೆಟ್ರೋ ಇನ್ನೊಂದು ಬಗೆ: ಬ್ಯಾಟರಿಯಲ್ಲಿ ಓಡುವ, ಎಸಿ ಇರುವ, ನೂರು ಜನರ ಬೋಟು. ದಕ್ಕೆ ತೇಲುವಂಥದ್ದು, ಉಬ್ಬರ ಇಳಿತ ಏನೇ ಇದ್ದರೂ ಬೋಟಿನ ಮಟ್ಟಕ್ಕೇ ಇರುತ್ತದೆ. ಗಾಲಿಕುರ್ಚಿಯನ್ನೂ ಸಲೀಸಾಗಿ ತಳ್ಳಿಕೊಂಡು ಹೋಗಬಹುದು. ನಮ್ಮ ನೌಕಾಪಡೆಯ 'ವಿಕ್ರಾಂತ್' ಕಟ್ಟಿದ ಕೊಚ್ಚಿನ್ ಶಿಪ್‌ಯಾರ್ಡಿನಲ್ಲೇ ಈ ಬೋಟುಗಳೂ ತಯಾರಾದವು. ಗಾಜಿನೊಳಗೆ ಕೂರಬೇಕು, ಗಾಳಿ ಸಿಗುವುದಿಲ್ಲ, ಅದೊಂದೇ ಕೊರತೆ. ಹೈಕೋರ್ಟಿನಿಂದ ಫೋರ್ಟ್ ಕೊಚ್ಚಿಗೆ 2024ರಿಂದ ಓಡುತ್ತಿದೆ. ಸೂರ್ಯಾಸ್ತದ ಹೊತ್ತಿಗೆ ಈ ಎರಡರಲ್ಲಿ ಯಾವುದರಲ್ಲಿ ದಾಟಿದರೂ ಬಂದರು ಕಣ್ತುಂಬ ಸಿಗುತ್ತದೆ. ಸಮುದ್ರ ಸಿಗುವುದಿಲ್ಲ.

ಸೂರ್ಯಾಸ್ತದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನವೆಂಬರಿನಲ್ಲಿ ಕೊಚ್ಚಿಯಲ್ಲಿ ಆರು ಗಂಟೆಗೇ ಸೂರ್ಯ ಮುಳುಗುತ್ತಾನೆ. ಜೂನ್ ಕೊನೆ, ಜುಲೈಯಲ್ಲಿ ಏಳಕ್ಕೆ ಹತ್ತು ನಿಮಿಷ ಇರುವಾಗ. "ಸಂಜೆ ಆರರ ಕ್ರೂಸ್" ಎಂದು ನವೆಂಬರಿನಲ್ಲಿ ಟಿಕೆಟ್ ಕೊಟ್ಟರೆ ನೀವು ನೋಡುವುದು ಕತ್ತಲನ್ನು. ಮುಳುಗುವ ಹೊತ್ತಿಗಿಂತ ಕಡೇಪಕ್ಷ ಒಂದು ಗಂಟೆ ಮೊದಲು ಹೊರಡುವ ಬೋಟು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಸಮುದ್ರಕ್ಕೆ ಹೋಗುವ ಬೋಟು ಯಾವ ಗಳಿಗೆಯಲ್ಲಾದರೂ ರದ್ದಾಗಬಹುದು. ಆ ತಿಂಗಳಲ್ಲಿ ಮುಂಗಡ ಪೂರ್ತಿ ಕಟ್ಟಬೇಡಿ.

ಹತ್ತುವ ಮೊದಲು ಲೆಕ್ಕ ಹಾಕಬೇಕಾದದ್ದು

ಇದನ್ನು ಹೇಳದೆ ಮುಂದೆ ಹೋಗಲಾರೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ಬೋಟು ಮಗುಚಿ 22 ಜನ ತೀರಿಕೊಂಡರು, ಅವರಲ್ಲಿ ಮಕ್ಕಳೇ ಹೆಚ್ಚು. ಮೀನಿನ ದೋಣಿಯನ್ನು ಮಾರ್ಪಡಿಸಿದ ಎರಡಂತಸ್ತಿನ ಬೋಟು, ಹಿಡಿಸುವುದಕ್ಕಿಂತ ಹೆಚ್ಚು ಜನ, ಸೂರ್ಯ ಮುಳುಗಿದ ಮೇಲೆ ಹೊರಟದ್ದು. ಕೊಚ್ಚಿಯಲ್ಲೇ 2015ರ ಆಗಸ್ಟ್ 26ರಂದು ಫೋರ್ಟ್ ಕೊಚ್ಚಿ ದಕ್ಕೆಯ ಹತ್ತಿರ ಮೀನುಗಾರಿಕೆ ಬೋಟು ಬಡಿದು ಪ್ರಯಾಣಿಕರ ಬೋಟು ಮುಳುಗಿತು, 11 ಜನ ಹೋದರು. ಬೆದರಿಸಲು ಹೇಳುತ್ತಿಲ್ಲ. ಆ ನೀರಿನಲ್ಲಿ ಹಡಗು, ಟಗ್ಗು, ಮೀನಿನ ಬೋಟು, ಬಾರ್ಜು ಎಲ್ಲವೂ ಓಡಾಡುತ್ತವೆ. ಅದು ಕೆರೆಯಲ್ಲ.

ಬೋಟಿನ ಮೈ ಮೇಲೆ ಎಷ್ಟು ಜನ ಹಿಡಿಸಬಹುದು ಎಂದು ಬರೆದಿರುತ್ತದೆ, ನೋಂದಣಿ ಸಂಖ್ಯೆಯೂ ಇರುತ್ತದೆ. ಎರಡೂ ಕಾಣದ ಬೋಟಿಗೆ ಹತ್ತಬೇಡಿ. ಲೈಫ್ ಜಾಕೆಟ್ ಬೆಂಚಿನ ಕೆಳಗೆ ಗಂಟು ಕಟ್ಟಿಟ್ಟಿದ್ದರೆ ಇದ್ದೂ ಇಲ್ಲದ ಹಾಗೆ. ಮೈಗೆ ಹಾಕಿ, ಮಕ್ಕಳಿಗೆ ಅವರ ಅಳತೆಯದ್ದನ್ನೇ ಕೇಳಿ ಹಾಕಿಸಿ. ಮೇಲಿನ ಅಂತಸ್ತಿನಲ್ಲಿ ಫೋಟೋಗೆಂದು ಎಲ್ಲರೂ ಒಂದೇ ಬದಿಗೆ ನುಗ್ಗುತ್ತಾರೆ, ಬೋಟು ವಾಲುವುದೇ ಆಗ. ನಿಮ್ಮವರನ್ನು ಕೂರಿಸಿಕೊಳ್ಳಿ. ಕತ್ತಲಾದ ಮೇಲೆ "ಇನ್ನೊಂದೇ ಟ್ರಿಪ್, ಅರ್ಧ ರೇಟು" ಎಂದು ಕರೆಯುವವರಿಗೆ ಬೇಡ ಎನ್ನಿ. ಈ ವಿಷಯದಲ್ಲಿ ನಾಲ್ಕು ಜನರೆದುರು ಜಗಳವಾಡಿದರೂ ನಾಚಿಕೆಪಡಬೇಕಾದ್ದಿಲ್ಲ.

ಪ್ಯಾಕೇಜ್ ಟೂರು: ಯಾರಿಗೆ ಸರಿ

ಅತ್ತೆಗೆ ಮಂಡಿನೋವು, ಮಾವನಿಗೆ ಸಕ್ಕರೆ ಕಾಯಿಲೆ. ಊಟದ ಹೊತ್ತು ತಪ್ಪುವ ಹಾಗಿಲ್ಲ, ಹೆಚ್ಚು ನಡೆಯುವ ಹಾಗೂ ಇಲ್ಲ. ಅದಕ್ಕೇ ಟೆಂಪೋ ಟ್ರಾವೆಲರ್, ಗೈಡು, ಊಟ, ಸಂಜೆಯ ಬೋಟು ಎಲ್ಲ ಸೇರಿದ ಪ್ಯಾಕೇಜ್ ತೆಗೆದುಕೊಂಡೆ. ಅದರ ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಬ್ಯಾಗುಗಳು ಗಾಡಿಯಲ್ಲೇ ಇದ್ದವು. ರಾತ್ರಿ ಬಸ್ಸಿಗೆ ಹೊರಡುವವರಿಗೆ ಇದು ಸಣ್ಣ ಸೌಕರ್ಯವಲ್ಲ. ಇಲ್ಲದಿದ್ದರೆ ರೈಲು ನಿಲ್ದಾಣದ ಕ್ಲೋಕ್ ರೂಮಿಗೆ ಎರಡು ಸಲ ಓಡಬೇಕು. ಗಾಡಿ ಗೇಟಿನವರೆಗೆ ಬರುತ್ತಿತ್ತು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಫೋರ್ಟ್ ಕೊಚ್ಚಿಯ ಸೆಕೆಯಲ್ಲಿ ಎಸಿ ಗಾಡಿ ಇದ್ದದ್ದು ಮಾವನನ್ನು ಕಾಪಾಡಿತು.

ಆದರೆ ನಾವು ಹೋದದ್ದು ಶುಕ್ರವಾರ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ದುಡ್ಡು ತೆಗೆದುಕೊಂಡವರು ಅದನ್ನು ಹೇಳಿರಲಿಲ್ಲ. ಅಲ್ಲಿ ಉಳಿದ ಹೊತ್ತನ್ನು ಮಸಾಲೆ ಅಂಗಡಿಯಲ್ಲಿ ಕಳೆಸಿದರು. ಒಂದೂವರೆ ಗಂಟೆ. ಏಲಕ್ಕಿ, ಕಾಳುಮೆಣಸು, ಲವಂಗದ ಎಣ್ಣೆ ಎಲ್ಲ ಮೂಸಿ ನೋಡಿಸಿದರು. ಅತ್ತೆಯ ತವರು ಮೂಡಿಗೆರೆ, ಮನೆಯ ಅಡಿಕೆ ಮರಗಳಿಗೇ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಪಾಪ, ಯಾರಿಗೂ ಬೇಸರವಾಗದಿರಲಿ ಎಂದು ನೂರು ಗ್ರಾಂ ಮೆಣಸು ಕೊಂಡರು. ಅಲ್ಲಿ ಹೋದ ಹೊತ್ತು ಸಂಜೆಗೆ ಬಂದು ತಾಗಿತು. ದಕ್ಕೆಗೆ ಬರುವಷ್ಟರಲ್ಲಿ ಸೂರ್ಯ ವೈಪಿನ್ ತೆಂಗಿನ ಮರಗಳ ಹಿಂದೆ ಇಳಿದಾಗಿತ್ತು. ಕತ್ತಲಲ್ಲಿ ಮುಕ್ಕಾಲು ಗಂಟೆ ಒಳಗೇ ತಿರುಗಿಸಿ ಇಳಿಸಿದರು.

ಹಾಗೆಂದು ಪ್ಯಾಕೇಜೇ ಬೇಡ ಎನ್ನಲಾರೆ. ವಯಸ್ಸಾದವರಿದ್ದರೆ, ಆರೇಳು ಜನಕ್ಕಿಂತ ಹೆಚ್ಚಿದ್ದರೆ, ಮಲಯಾಳಂ, ಇಂಗ್ಲಿಷ್ ಎರಡರಲ್ಲೂ ವ್ಯವಹರಿಸಲು ಕಷ್ಟವಾಗುವವರಿದ್ದರೆ ಅದೇ ಸರಿ. ಅದರಲ್ಲೂ ಬೆಂಗಳೂರು, ಮಂಗಳೂರಿನಿಂದಲೇ ಹೊರಡುವ ಗುಂಪು ಪ್ರವಾಸದಲ್ಲಿ ಕನ್ನಡ ಮಾತಾಡುವ ಮ್ಯಾನೇಜರ್ ಸಿಗುವ ಸಾಧ್ಯತೆ ಹೆಚ್ಚು. ಕೊಚ್ಚಿಯಲ್ಲೇ ಸಿಗುವ ಗೈಡುಗಳಲ್ಲಿ ಕನ್ನಡ ಬಲ್ಲವರು ಅಪರೂಪ. ದುಡ್ಡು ಕಟ್ಟುವ ಮೊದಲು ಕೇಳಬೇಕಾದದ್ದನ್ನು ವಾಟ್ಸಾಪಿನಲ್ಲಿ ಬರಹದಲ್ಲೇ ಕೇಳಿ. ನಾವು ಬರುವ ವಾರದಂದು ಯಾವ ಯಾವ ಜಾಗ ತೆರೆದಿರುತ್ತದೆ? ಅಂಗಡಿಗೆ ಎಷ್ಟು ಹೊತ್ತು? ಬೋಟು ಎಷ್ಟು ಗಂಟೆಗೆ ದಕ್ಕೆ ಬಿಡುತ್ತದೆ, ಅಳಿವೆ ದಾಟುತ್ತದಾ? ಸಸ್ಯಾಹಾರದ ಊಟ ಬೇರೆ ಪಾತ್ರೆಯಲ್ಲಿ ಮಾಡಿದ್ದಾ? ಪ್ರವೇಶದ ಟಿಕೆಟ್ಟುಗಳು ಸೇರಿವೆಯಾ? ಬೋಟಿನ ಹೆಸರನ್ನೇ ಹೇಳಲಾಗದವರಿಗೆ ಬೋಟಿನ ದುಡ್ಡು ಕೊಡಬೇಡಿ. "ಊರು ಮಾತ್ರ ತೋರಿಸಿ, ಐದು ಗಂಟೆಗೆ ಹೈಕೋರ್ಟ್ ಜೆಟ್ಟಿಯಲ್ಲಿ ಬಿಡಿ, ಬೋಟಿನ ಟಿಕೆಟ್ ನಾವೇ ತಗೋತೇವೆ" ಎಂದರೆ ಬಹಳ ಜನ ಒಪ್ಪುತ್ತಾರೆ. ಅತ್ತೆ-ಮಾವನನ್ನು ಮತ್ತೊಮ್ಮೆ ಕರೆದುಕೊಂಡು ಹೋದರೆ ನಾನು ಮಾಡುವುದು ಹೀಗೇ.

ನಡಿಗೆಯ ಗೈಡ್ ಯಾಕೆ ನನಗೆ ಹೆಚ್ಚು

ಕಾಲಲ್ಲಿ ಶಕ್ತಿ ಇರುವ ಎಲ್ಲರಿಗೂ ನಾನು ಹೇಳುವುದು ಇದನ್ನೇ: ಬೆಳಗ್ಗೆ ಮೂರ್ನಾಲ್ಕು ಗಂಟೆಗೆ ಒಬ್ಬ ಗೈಡ್, ಸಂಜೆಗೆ ನೀವೇ ಆರಿಸಿದ ಬೋಟು. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರನ್ನು ಹಿಡಿಯಿರಿ. ತಲೆಗೆ ಇಷ್ಟು ಎಂದು ಮಾತಾಡದೆ ಇಡೀ ಗುಂಪಿಗೆ ಇಷ್ಟು ಎಂದು ಮಾತಾಡಿ. ನಾಲ್ಕೈದು ಜನ ಹಂಚಿಕೊಂಡರೆ ಹೊರೆಯಾಗುವುದಿಲ್ಲ.

ಮಟ್ಟಾಂಚೇರಿಯಿಂದ ಶುರುಮಾಡಿ ಫೋರ್ಟ್ ಕೊಚ್ಚಿಯಲ್ಲಿ ಮುಗಿಸುವುದು ಒಳ್ಳೆಯದು. ಯಹೂದಿಗಳ ಪ್ರಾರ್ಥನಾ ಮಂದಿರವಾದ ಪರದೇಸಿ ಸಿನಗಾಗ್ 1568ರದ್ದು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಆಗ ಅಂಗಾಲಿಗೆ ಮೊದಲು ತಾಗುವುದೇ ನೆಲದ ತಂಪು. ಚೀನಾದಿಂದ ಬಂದ ಬಿಳಿಯ ಹೆಂಚುಗಳು, ನೀಲಿ ಬಣ್ಣದಲ್ಲಿ ಕೈಯಿಂದಲೇ ಬರೆದ ಚಿತ್ರಗಳು. ಒಂದರಂತೆ ಇನ್ನೊಂದಿಲ್ಲ ಎಂದು ನಮ್ಮ ಗೈಡ್ ಹೇಳಿದ ಮೇಲೆ ಬಗ್ಗಿ ನೋಡಿದೆ. ಒಂದರಲ್ಲಿ ಕೊಂಬೆ ಎಡಕ್ಕೆ ಬಾಗಿದೆ, ಪಕ್ಕದ್ದರಲ್ಲಿ ಹೂವಿನ ಎಸಳು ಒಂದು ಕಡಿಮೆ, ಇನ್ನೊಂದರಲ್ಲಿ ಬಣ್ಣ ತುಸು ಕದಡಿದೆ. ಗೈಡ್ ಇಲ್ಲದೆ ಬಂದಾಗ ನಾನು ಅದೇ ನೆಲದ ಮೇಲೆ ನಿಂತು ಮೇಲಿನ ದೀಪದ ಗೊಂಚಲುಗಳನ್ನು ನೋಡಿ ಹೊರಟುಹೋಗಿದ್ದೆ. ಶನಿವಾರ ಸಬ್ಬತ್, ಯಹೂದಿಗಳ ವಿಶ್ರಾಂತಿಯ ದಿನ, ಸಿನಗಾಗ್ ತೆರೆಯುವುದಿಲ್ಲ, ಶುಕ್ರವಾರವೂ ನೆಚ್ಚಿಕೊಳ್ಳಬೇಡಿ. ಅಂದರೆ ಅರಮನೆ, ಸಿನಗಾಗ್ ಎರಡೂ ಬೇಕಾದವರು ವಾರಾಂತ್ಯ ಎಂದು ಶುಕ್ರವಾರ-ಶನಿವಾರ ಹೊರಡುವುದೇ ತಪ್ಪು. ಭಾನುವಾರದಿಂದ ಗುರುವಾರದೊಳಗೆ ಇಟ್ಟುಕೊಳ್ಳಿ.

ಅರಮನೆಯನ್ನು ಎಲ್ಲರೂ ಡಚ್ ಅರಮನೆ ಎನ್ನುತ್ತಾರೆ. ಕಟ್ಟಿದ್ದು ಪೋರ್ಚುಗೀಸರು, 1555ರ ಸುಮಾರಿಗೆ, ಕೊಚ್ಚಿಯ ರಾಜನಿಗೆ ಕಾಣಿಕೆಯಾಗಿ. ಡಚ್ಚರು ಆಮೇಲೆ 1663ರಲ್ಲಿ ರಿಪೇರಿ ಮಾಡಿಸಿ ಹೆಸರು ತಮ್ಮದಾಗಿಸಿಕೊಂಡರು. ಹೊರಗಿನಿಂದ ನೋಡಿದರೆ ಅರಮನೆ ಎನಿಸುವುದಿಲ್ಲ, ದೊಡ್ಡ ಗುತ್ತಿನ ಮನೆಯಂತಿದೆ. ಒಳಗೆ ರಾಜನ ಮಲಗುವ ಕೋಣೆಯ ಗೋಡೆಗಳ ತುಂಬ ರಾಮಾಯಣ. ಕೆಂಪು, ಹಳದಿ, ಹಸಿರು ಒತ್ತೊತ್ತಾಗಿ, ಬೆರಳಿಡುವಷ್ಟೂ ಖಾಲಿ ಜಾಗವಿಲ್ಲ. ಯಾವ ಗೋಡೆಯಿಂದ ಕಥೆ ಶುರು ಎಂದು ತೋರಿಸುವವರು ಬೇಕು. ನಮಗೆ ಗೊತ್ತಿರುವ ಕಥೆಯೇ ಆದರೂ ಆ ಗೋಡೆಯ ಮೇಲೆ ಅದನ್ನು ಹುಡುಕಿಕೊಳ್ಳುವುದು ಸುಲಭವಲ್ಲ.

ಕರಾವಳಿಯವರು ಗೈಡನ್ನು ಒಂದು ಮಾತು ಕೇಳಿ: "ಚೆರ್ಲಾಯಿ ಬೀದಿಗೆ ಕರೆದುಕೊಂಡು ಹೋಗ್ತೀರಾ?" ಗೋವೆಯಲ್ಲಿ ಪೋರ್ಚುಗೀಸರ ಕಾಟ ತಾಳದೆ ತೆಂಕಣಕ್ಕೆ ಬಂದ ಗೌಡ ಸಾರಸ್ವತರ ಕೇರಿಗಳು ತಿರುಮಲ ದೇವಸ್ಥಾನದ ಸುತ್ತ ಇವೆ. ಮಂಗಳೂರು, ಕುಂದಾಪುರ, ಭಟ್ಕಳಗಳಲ್ಲಿ ನೆಲೆಸಿದವರ ನೆಂಟರೇ ಇವರು. ಬಾಗಿಲಲ್ಲಿ ನಿಂತ ಅಜ್ಜಿಯೊಬ್ಬರು ಮೊಮ್ಮಗನನ್ನು ಕೊಂಕಣಿಯಲ್ಲಿ ಗದರುವುದನ್ನು ಕೇಳಿ, ನನ್ನ ಜೊತೆಗಿದ್ದ ಕಾರ್ಕಳದ ಗೆಳತಿ ಅಲ್ಲೇ ಮಾತಿಗೆ ನಿಂತುಬಿಟ್ಟಳು. ಹತ್ತು ನಿಮಿಷದಲ್ಲಿ ಇಬ್ಬರೂ ಒಂದೇ ಮಠ, ಒಂದೇ ಕುಲದೇವರವರೆಗೆ ಬಂದಿದ್ದರು. ಯಾವ ಪ್ಯಾಕೇಜ್ ಗಾಡಿಯೂ ಈ ಬೀದಿಗೆ ತಿರುಗುವುದಿಲ್ಲ. ಹಾಗೇ ವೇಲಿಯ ಧೋಬಿ ಖಾನಾ: ಡಚ್ಚರ ಸೈನಿಕರ ಬಟ್ಟೆ ಒಗೆಯಲು ತಮಿಳುನಾಡಿನಿಂದ ಬಂದ ವಣ್ಣಾರರು ಇಂದಿಗೂ ಅಲ್ಲಿ ಒಗೆಯುತ್ತಾರೆ, ಕ್ಲಿಪ್ಪಿಲ್ಲದೆ ಹಗ್ಗದ ಹುರಿಯೊಳಗೇ ಬಟ್ಟೆ ಸಿಕ್ಕಿಸಿ ಒಣಗಿಸುತ್ತಾರೆ.

ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಸಮಾಧಿಕಲ್ಲಿದೆ. ಅವನು ತೀರಿಕೊಂಡದ್ದು 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲೇ. ಅಸ್ಥಿಯನ್ನು 1539ರಲ್ಲಿ ಪೋರ್ಚುಗಲ್‌ಗೆ ಒಯ್ದರು. ಈಗಿರುವುದು ಕಲ್ಲು ಮಾತ್ರ. ಐದು ನಿಮಿಷ ಸಾಕು.

ಚೀನಾ ಬಲೆಗಳ ಹತ್ತಿರ ಅರ್ಧ ಗಂಟೆಯಾದರೂ ನಿಲ್ಲಿ. ದೊಡ್ಡ ತಕ್ಕಡಿ ಅದು. ಒಂದು ತುದಿಗೆ ಬಲೆ, ಇನ್ನೊಂದು ತುದಿಯಿಂದ ಇಳಿಬಿದ್ದ ಹಗ್ಗಗಳಿಗೆ ಕಟ್ಟಿದ ಕಲ್ಲುಗಳು, ಒಂದಕ್ಕಿಂತ ಒಂದು ತಗ್ಗಿನಲ್ಲಿ. ನಾಲ್ಕೈದು ಜನ ಹಗ್ಗ ಹಿಡಿದು ಎಳೆದಂತೆ ಬಲೆ ನೀರಿನಿಂದ ಏಳುತ್ತದೆ, ಕಲ್ಲುಗಳು ಒಂದೊಂದಾಗಿ ಹಲಗೆಯ ಮೇಲೆ ಕೂರುತ್ತ ಬರುತ್ತವೆ. ಕೂತ ಕಲ್ಲಿನ ಭಾರ ಕಳೆಯುತ್ತದೆ, ಹಾಗಾಗಿ ತೂಕ ಸರಿಯಾಗಿಯೇ ಇರುತ್ತದೆ, ಬಲೆ ಜಗ್ಗುವುದಿಲ್ಲ. ಇದನ್ನು ನಮ್ಮ ಗೈಡ್ ಕೈಯಲ್ಲಿ ಹಗ್ಗ ಹಿಡಿಸಿಯೇ ತಿಳಿಸಿದರು. ಆ ಸಲ ಎದ್ದ ಬಲೆಯಲ್ಲಿದ್ದದ್ದು ಅಂಗೈಯಷ್ಟು ಮೀನು ಏಳೆಂಟು, ಒಂದು ಏಡಿ, ಒಂದು ಪ್ಲಾಸ್ಟಿಕ್ ಬಾಟಲಿ. ಎಳೆಯಲು ಕೈಜೋಡಿಸಿದರೆ ಅವರಿಗೆ ಏನಾದರೂ ಕೊಡುವುದು ಅಲ್ಲಿಯ ರೂಢಿ, ಮುಂಚೆಯೇ ಮಾತಾಡಿಕೊಳ್ಳಿ. ಆ ಮೀನಿನಿಂದ ದಿನ ದೂಡುವುದು ಅವರಿಗೆ ಸುಲಭವಿಲ್ಲ, ಕೊಡುವುದಕ್ಕೆ ಹಿಂಜರಿಯಬೇಡಿ.

ಬೆಳಗ್ಗೆ ಈ ಬಲೆಯನ್ನು ದಡದಿಂದ ನೋಡಿದವರು ಸಂಜೆ ಬೋಟಿನಿಂದ ನೋಡಿದಾಗ ಅದು ಬೇರೆಯೇ. ಸಾಲಾಗಿ ನಿಂತ ಕಪ್ಪು ಕೋಲುಗಳ ಹಿಂದೆ ಆಕಾಶ ಕೆಂಪಾಗಿರುತ್ತದೆ, ಯಾವ ಬಲೆಯಲ್ಲಿ ಹಗ್ಗ ಹಿಡಿದಿದ್ದೆವು ಎಂದು ಹುಡುಕುತ್ತೇವೆ. ಬೆಳಗ್ಗೆ ಗೈಡು, ಸಂಜೆ ಬೋಟು ಎಂದು ನಾನು ಹೇಳುವುದು ಇದಕ್ಕೇ. ಅರ್ಥವಾದದ್ದನ್ನು ದೂರದಿಂದ ಮತ್ತೊಮ್ಮೆ ನೋಡುವ ಸುಖ ಅದರಲ್ಲಿದೆ.

ಏನೂ ಬುಕ್ ಮಾಡದೆ ಹೋಗುವವರಿಗೆ

ಖರ್ಚು ತೀರ ಕಡಿಮೆ. ಎರ್ನಾಕುಲಂ ನಿಲ್ದಾಣದಿಂದ ಆಟೋದಲ್ಲಿ ಬೋಟ್ ಜೆಟ್ಟಿ, ಬೋಟಿನಲ್ಲಿ ಆಚೆ ದಡ, ಮಟ್ಟಾಂಚೇರಿಗೂ ಫೋರ್ಟ್ ಕೊಚ್ಚಿಗೂ ನಡುವೆ ಎರಡು ಮೂರು ಕಿಲೋಮೀಟರ್. ಆಟೋದವರು "ಇಡೀ ಊರು ತೋರಿಸ್ತೀನಿ" ಎಂದು ತೀರ ಅಗ್ಗದ ರೇಟು ಹೇಳಿದರೆ ಅಂಗಡಿಗಳಿಗೆ ಕರೆದೊಯ್ಯುತ್ತಾರೆ ಎಂದೇ ಅರ್ಥ. "ಚೇಟ್ಟಾ, ಅಂಗಡಿ ಬೇಡ" ಎಂದು ಮೊದಲೇ ಹೇಳಿ, ಬೇಕಾದರೆ ಐವತ್ತು ರೂಪಾಯಿ ಹೆಚ್ಚು ಕೊಡಿ. ಒಬ್ಬರೇ ಹೋಗುವವರಿಗೆ, ಎರಡನೇ ಸಲ ಹೋಗುವವರಿಗೆ, ಎಲ್ಲೆಂದರಲ್ಲಿ ಚಹಾ ಕುಡಿಯುತ್ತ ಕೂರುವವರಿಗೆ ಇದರಷ್ಟು ಚೆಂದ ಯಾವುದೂ ಇಲ್ಲ. ಮೊದಲ ಸಲ ಹೋಗುವವರು ಮಾತ್ರ ಬಹಳಷ್ಟನ್ನು ಕಾಣದೆ ದಾಟಿಬಿಡುತ್ತಾರೆ.

ಸಂಜೆಗೆ ಕಥಕ್ಕಳಿಯೂ ಬೇಕು ಎನ್ನುವವರಿಗೆ

ಇದು ನಿಜವಾದ ಇಕ್ಕಟ್ಟು. ಫೋರ್ಟ್ ಕೊಚ್ಚಿಯಲ್ಲಿ ಪ್ರವಾಸಿಗರಿಗೆಂದು ನಡೆಯುವ ಕಥಕ್ಕಳಿ ಸಾಮಾನ್ಯವಾಗಿ ಸಂಜೆ ಆರರ ಹೊತ್ತಿಗೆ, ಬಣ್ಣ ಹಚ್ಚುವುದನ್ನು ನೋಡಲು ಐದಕ್ಕೇ ಹೋಗಬೇಕು. ಬೋಟೂ ಅದೇ ಹೊತ್ತಿಗೆ. ಎರಡನ್ನೂ ಒಂದೇ ಸಂಜೆಗೆ ಹೊಂದಿಸಿಕೊಡುತ್ತೇವೆ ಎನ್ನುವವರು ಯಾವುದೋ ಒಂದನ್ನು ಕತ್ತರಿಸಿಯೇ ಕೊಡುತ್ತಾರೆ. ಯಕ್ಷಗಾನದ ಚೌಕಿಯಲ್ಲಿ ಕೂತು ಬಣ್ಣದ ವೇಷ ಏರುವುದನ್ನು ನೋಡಿ ಬೆಳೆದವರಿಗೆ ಕಥಕ್ಕಳಿಯ ಚುಟ್ಟಿ (ಮುಖದ ಅಂಚಿನ ಬಿಳಿಯ ಚೌಕಟ್ಟು) ಕಟ್ಟುವುದನ್ನು ನೋಡುವ ಆಸೆ ಇರುವುದು ಸಹಜ. ಹಾಗಿದ್ದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ, ಮೊದಲ ಸಂಜೆ ಬೋಟು, ಮರುದಿನ ಕಥಕ್ಕಳಿ. ಬೋಟು ಮೊದಲು ಯಾಕೆಂದರೆ ಗಾಳಿ ಮಳೆಯಿಂದ ಅದು ರದ್ದಾದರೆ ಕೈಯಲ್ಲಿ ಇನ್ನೊಂದು ಸಂಜೆ ಉಳಿದಿರುತ್ತದೆ.

ಬೋಟಿನಲ್ಲಿ ಎಲ್ಲಿ ಕೂರಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಎರ್ನಾಕುಲಂ ದಡದಿಂದ ಹೊರಡುವಾಗ ಎಡಬದಿ ಹಿಡಿಯಿರಿ. ವಿಲ್ಲಿಂಗ್ಡನ್ ದ್ವೀಪದ ತುದಿ, ಆಮೇಲೆ ಫೋರ್ಟ್ ಕೊಚ್ಚಿಯ ದಡ, ಬಲೆಗಳು ಎಲ್ಲ ಆ ಕಡೆಗೇ ಬರುತ್ತವೆ. ನೌಕಾಪಡೆಯ ಜಾಗಗಳತ್ತ ಕ್ಯಾಮೆರಾ ಎತ್ತಬೇಡಿ, ಸಿಬ್ಬಂದಿ ಹೇಳುವ ಮೊದಲೇ ಮಕ್ಕಳಿಗೆ ತಿಳಿಸಿ. ಅಳಿವೆಯ ಹತ್ತಿರ ಮುಂಭಾಗಕ್ಕೆ ಬನ್ನಿ, ಹಾಡಿಗೆ ಕುಣಿಯುವವರು ಆಗ ನಡುವಿನಲ್ಲಿರುತ್ತಾರೆ, ಮುಂದೆ ಜಾಗ ಸಿಗುತ್ತದೆ. ನೀರು ಅಷ್ಟೇನೂ ಕಲಕದ ದಿನ ಅಲ್ಲಿ ಡಾಲ್ಫಿನ್ ಕಾಣುವುದುಂಟು. ನೆಗೆಯುವುದಿಲ್ಲ, ಬೂದು ಬಣ್ಣದ ಬೆನ್ನು ಒಮ್ಮೆ ಮೇಲೆದ್ದು ಮುಳುಗುತ್ತದೆ, ಅಷ್ಟೇ. ಮಕ್ಕಳಿಗೆ ಬೊಟ್ಟುಮಾಡಿ ತೋರಿಸುವಷ್ಟರಲ್ಲಿ ಹೋಗಿರುತ್ತದೆ, ಆದ್ದರಿಂದ ಮೊದಲು ಎದ್ದ ಜಾಗದಿಂದ ತುಸು ಮುಂದಕ್ಕೆ, ಬೋಟು ಹೋಗುವ ದಿಕ್ಕಿಗೇ ನೋಡುತ್ತಿರಲು ಹೇಳಿ.